ಅಂದಾಜಿನಲ್ಲಿ ಓಡಿದ ನೂರು ಮೀಟರ್

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಕಾಲೇಜಿನಿಂದ ನೂರು ಮೀಟರ್ ಓಟಕ್ಕೆ ಹುಡುಗರನ್ನು ಆರಿಸಿದ ದಿನ ನಾನೂ ಅಲ್ಲಿದ್ದೆ. ಓಡುವುದಕ್ಕಲ್ಲ, ಹೆಸರು ಬರೆದುಕೊಳ್ಳುವುದಕ್ಕೆ. ನಮ್ಮ ಅಂಗಳ ಎಷ್ಟಿದೆ ಅಂತ ನಿಮಗೆಲ್ಲ ಗೊತ್ತು. ಗೇಟಿನಿಂದ ಕ್ಯಾಂಟೀನ್ ಗೋಡೆಯವರೆಗೆ ಓಡಿದರೆ ಅರವತ್ತು ಮೀಟರ್, ಅದಕ್ಕಿಂತ ಮುಂದೆ ಓಡಬೇಕಾದರೆ ಗೋಡೆ ಹಾರಬೇಕು. ಹಾಗಾಗಿ ಅರವತ್ತು ಮೀಟರ್ ಓಡಿಸಿ, ಒಂದು ಮೊಬೈಲಿನಲ್ಲಿ ಸಮಯ ಹಿಡಿದು, ಬಂದದ್ದನ್ನು ನೂರು ಮೀಟರಿಗೆ ಲೆಕ್ಕ ಹಾಕಿದರು. ಅರವತ್ತಕ್ಕೆ ಇಷ್ಟಾದರೆ ನೂರಕ್ಕೆ ಎಷ್ಟು? ತ್ರೈರಾಶಿ, ಐದನೇ ಕ್ಲಾಸಿನ ಲೆಕ್ಕ.

ನನ್ನ ಗೆಳೆಯ ಅರವತ್ತು ಮೀಟರನ್ನು 8 ಸೆಕೆಂಡಿನಲ್ಲಿ ಮುಟ್ಟಿದ. ತ್ರೈರಾಶಿಯ ಪ್ರಕಾರ ನೂರಕ್ಕೆ 13.33. ಸೈನ್ಸ್ ಸೆಕ್ಷನ್ನಿನ ಇನ್ನೊಬ್ಬ ಹುಡುಗ ಆ ದಿನ ಜ್ವರ ಅಂತ ಓಡಲಿಲ್ಲ. ಆದರೆ ಹತ್ತನೇ ಕ್ಲಾಸಿನಲ್ಲಿ ನಿಜವಾದ ನೂರು ಮೀಟರ್ ಟ್ರ್ಯಾಕಿನಲ್ಲಿ 13.2ರಲ್ಲಿ ಓಡಿದ ಸರ್ಟಿಫಿಕೇಟ್ ಅವನ ಹತ್ತಿರ ಇತ್ತು. ಉಳಿದಿದ್ದ ಒಂದೇ ಜಾಗ ಅವನಿಗೆ ಹೋಯಿತು. 13.33ಕ್ಕಿಂತ 13.2 ಕಡಿಮೆ, ಅಷ್ಟೇ. ಯಾರೂ ಮೋಸ ಮಾಡಲಿಲ್ಲ. ಪಿ.ಟಿ. ಸರ್ ನ್ಯಾಯವಾಗಿಯೇ ನಡೆದುಕೊಂಡರು ಅಂತ ನಾನೂ ಒಪ್ಪುತ್ತೇನೆ. ಆದರೂ ಗೆಳೆಯ ಎರಡು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಆ ಎರಡು ದಿನ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಓಡದೇ ಇರುವ ನಲವತ್ತು ಮೀಟರಿಗೆ ಬಿಲ್ ಹಾಕಬಹುದೇ?

ಹೀಗೆ ಬಿಲ್ ಹಾಕಿದ ದೊಡ್ಡ ಕಥೆ ನಮ್ಮ ರಾಜ್ಯದಲ್ಲೇ ಇದೆ, ಇಡೀ ದೇಶ ಅದನ್ನು ನೋಡಿದೆ. ಆಗ ನಾವು ಆರನೇ ಕ್ಲಾಸಿನ ಆಸುಪಾಸು. 2020ರ ಫೆಬ್ರವರಿ 1, ದಕ್ಷಿಣ ಕನ್ನಡದ ಐಕಳ ಕಂಬಳ. ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡ ಅವರು ತಮ್ಮ ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕೆಸರುಗದ್ದೆಯ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಕಟ್ಟಡ ಕೆಲಸ ಮಾಡುತ್ತಿದ್ದ 28ರ ಯುವಕ. ಯಾರೋ ಕ್ಯಾಲ್ಕುಲೇಟರ್ ಹಿಡಿದು 13.62 ಅನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರು. ಉತ್ತರ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು. ಮೂಡುಬಿದಿರೆಯಲ್ಲಿ ಬೋಲ್ಟ್ ಸಿಕ್ಕಿದ ಅಂತ ವಾಟ್ಸಾಪ್ ತುಂಬ ಅದೇ. ನಮ್ಮ ಅಬ್ಬು ಕೂಡ ಅಂಗಡಿಯಿಂದ ಬಂದವರೇ ಚಹಾ ಕೈಗೆತ್ತಿಕೊಳ್ಳುವ ಮೊದಲು ಆ ವಿಡಿಯೊ ತೋರಿಸಿದ್ದರು. ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಟ್ರಯಲ್ಸ್‌ಗೆ ಕರೆಸುತ್ತೇವೆ ಎಂದರು. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಹೋಗುವಾಗ ಜ್ಞಾನಭಾರತಿ ಹತ್ತಿರ ಬರುತ್ತದಲ್ಲ, ನಮ್ಮಲ್ಲಿ ಅರ್ಧ ಜನ ದಿನಾ ಬಸ್ಸಿನಲ್ಲಿ ದಾಟುವ ದಾರಿ, ಅಲ್ಲೇ ಆ ಪ್ರಾಧಿಕಾರದ ಕೇಂದ್ರ ಇರುವುದು.

ಕೆಲವೇ ದಿನಗಳಲ್ಲಿ ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರದು 9.51 ಎಂಬ ಸುದ್ದಿ ಬಂತು. ಮರುವರ್ಷ 9 ಸೆಕೆಂಡಿಗಿಂತಲೂ ಕಡಿಮೆ ಎಂಬ ಲೆಕ್ಕಗಳು ಬಂದವು. ಆ ಹೊತ್ತಿಗೆ ಭಾರತದ ನೂರು ಮೀಟರ್ ದಾಖಲೆ ಅಮಿಯ ಕುಮಾರ್ ಮಲ್ಲಿಕ್ ಅವರ 10.26 ಆಗಿತ್ತು ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡಿ.

ಈ ಲೇಖನ ಬರೆಯಲು ಕೂತಾಗ ನಾನು ಅಂದುಕೊಂಡದ್ದು ಬೇರೆ. ತಪ್ಪೆಲ್ಲ ತ್ರೈರಾಶಿಯದೇ, ಅದನ್ನು ಬೈದರೆ ಲೇಖನ ಮುಗಿಯಿತು ಅಂತ. ಪರೀಕ್ಷೆ ಮಾಡಲು ಬೋಲ್ಟ್‌ನದೇ ಅಂಕಿಗಳನ್ನು ತೆಗೆದುಕೊಂಡೆ. ಇಲ್ಲಿ ನಮ್ಮ ಎಕನಾಮಿಕ್ಸ್ ಪಾಠ ಉಪಯೋಗಕ್ಕೆ ಬಂತು. (ಮೇಡಂ ಓದುತ್ತಿದ್ದರೆ ದಯವಿಟ್ಟು ಗಮನಿಸಿ.)

ಬರ್ಲಿನ್ ಓಟದಲ್ಲಿ ಬೋಲ್ಟ್ ಮೊದಲ 20 ಮೀಟರಿಗೆ ತೆಗೆದುಕೊಂಡದ್ದು 2.89 ಸೆಕೆಂಡ್. ಮುಂದಿನ 20ಕ್ಕೆ 1.75, ಆಮೇಲೆ 1.67, 1.61, ಕೊನೆಯ 20ಕ್ಕೆ 1.66. ಅಂದರೆ ನಿಂತ ಜಾಗದಿಂದ ಎದ್ದು ವೇಗ ಹಿಡಿಯುವುದಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಖರ್ಚು. ಇದು ಅಂಗಡಿ ಬಾಡಿಗೆ ಇದ್ದ ಹಾಗೆ. ಒಂದು ಗಿರಾಕಿ ಬಂದರೂ ಕೊಡಬೇಕು, ನೂರು ಗಿರಾಕಿ ಬಂದರೂ ಅಷ್ಟೇ ಕೊಡಬೇಕು. ಫಿಕ್ಸೆಡ್ ಕಾಸ್ಟ್. ಓಟ ಉದ್ದವಾದಷ್ಟೂ ಈ ಬಾಡಿಗೆ ಹೆಚ್ಚು ಮೀಟರಿಗೆ ಹಂಚಿಹೋಗುತ್ತದೆ, ಸರಾಸರಿ ಇಳಿಯುತ್ತದೆ. ಒಂದು ಹಂತ ದಾಟಿದ ಮೇಲೆ ಸುಸ್ತು ಶುರು, ಸರಾಸರಿ ಮತ್ತೆ ಏರುತ್ತದೆ.

ಲೆಕ್ಕ ನೋಡಿ. ಅದೇ ಓಟದಲ್ಲಿ ಬೋಲ್ಟ್ 60 ಮೀಟರ್ ದಾಟಿದ್ದು 6.31ಕ್ಕೆ. ತ್ರೈರಾಶಿ ಹಾಕಿದರೆ ನೂರಕ್ಕೆ 10.52. ಅದೇ ವರ್ಷ ಮ್ಯಾಂಚೆಸ್ಟರ್‌ನಲ್ಲಿ ರಸ್ತೆಯ ಮೇಲೆ ಹಾಕಿದ ನೇರ ಟ್ರ್ಯಾಕಿನಲ್ಲಿ 150 ಮೀಟರ್ ಓಡಿದ್ದು 14.35, ನೂರಕ್ಕೆ 9.57. ಬರ್ಲಿನ್‌ನ 200 ಮೀಟರ್ 19.19, ನೂರಕ್ಕೆ 9.60. ಅವನ ಅತ್ಯುತ್ತಮ 400 ಮೀಟರ್ 45.28, ನೂರಕ್ಕೆ 11.32. ಗ್ರಾಫ್ ಬರೆದರೆ ನಮ್ಮ ಪಠ್ಯಪುಸ್ತಕದ ಆವರೇಜ್ ಕಾಸ್ಟ್ ರೇಖೆಯೇ. ಇಳಿದು, ಮಟ್ಟಸವಾಗಿ, ಮತ್ತೆ ಏರುವ ಇಂಗ್ಲಿಷಿನ ಯು ಅಕ್ಷರ. ನೂರರಿಂದ ಇನ್ನೂರು ಮೀಟರ್‌ವರೆಗೆ ಆ ಅಕ್ಷರದ ತಳ ಬಹುತೇಕ ಚಪ್ಪಟೆ.

ಐಕಳದ 142.5 ಮೀಟರ್ ಸರಿಯಾಗಿ ಆ ತಳದಲ್ಲಿ ಬರುತ್ತದೆ. ಅಂದರೆ ಶ್ರೀನಿವಾಸ ಗೌಡರ ವಿಷಯದಲ್ಲಿ ತ್ರೈರಾಶಿ ನಿರಪರಾಧಿ! ಬೋಲ್ಟ್‌ನ 150 ಮೀಟರಿಗೆ ಅದೇ ಲೆಕ್ಕ ಹಾಕಿದರೆ ಅವನ ನಿಜವಾದ ನೂರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸೆಕೆಂಡಿನ ನೂರನೇ ಒಂದು ಭಾಗ. ಅದೇ ಲೆಕ್ಕವನ್ನು ನಮ್ಮ ಕಾಲೇಜಿನ ಅಂಗಳದಲ್ಲಿ ಅರವತ್ತು ಮೀಟರಿಗೆ ಹಾಕಿದರೆ ಬೋಲ್ಟ್ ಕೂಡ ಸುಮಾರು ಒಂದು ಸೆಕೆಂಡ್ ಕಳೆದುಕೊಳ್ಳುತ್ತಾನೆ. ಊರೆಲ್ಲ ನಕ್ಕ ಲೆಕ್ಕ ಸರಿ, ನಾವು ಯಾರೂ ಪ್ರಶ್ನೆ ಮಾಡದ ಲೆಕ್ಕ ತಪ್ಪು. ಇದನ್ನು ಕಂಡುಕೊಂಡ ರಾತ್ರಿ ನನಗೆ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ ಅಂದರೆ ನಂಬಿ.

ಹಾಗಾದರೆ 9.55 ನಿಜವೇ? ಅಲ್ಲ. ತಪ್ಪು ಗುಣಾಕಾರದಲ್ಲಿಲ್ಲ, ಅದಕ್ಕಿಂತ ಮೊದಲೇ ಆಗಿದೆ. ಅಕೌಂಟೆನ್ಸಿಯಲ್ಲಿ ಕೂಡಿಸುವುದು ಎಷ್ಟೇ ಸರಿಯಿದ್ದರೂ ವೋಚರ್ ಇಲ್ಲದ ಎಂಟ್ರಿಯನ್ನು ಆಡಿಟರ್ ಒಪ್ಪುವುದಿಲ್ಲ. ಇಲ್ಲಿ ವೋಚರ್ ಇಲ್ಲದ ದೊಡ್ಡ ಎಂಟ್ರಿ ಕೋಣಗಳದು. ಕಂಬಳದಲ್ಲಿ ಓಡುವವರ ಕೈ ಕೋಣಗಳಿಗೆ ಕಟ್ಟಿದ ಹಗ್ಗದಲ್ಲೋ ನೇಗಿಲಿನಲ್ಲೋ ಇರುತ್ತದೆ. ಮುಂದಿನಿಂದ ಎಳೆತ ಇದ್ದರೆ ಮನುಷ್ಯ ತನ್ನ ಸ್ವಂತ ಮಿತಿಗಿಂತ ವೇಗವಾಗಿ ಓಡಬಲ್ಲ. ಓಟಗಾರರನ್ನು ಹಗ್ಗ ಕಟ್ಟಿ ಎಳೆದು ತರಬೇತಿ ಕೊಡುವ ಪದ್ಧತಿಯೇ ಇದೆ. ಅಥ್ಲೆಟಿಕ್ಸ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆ ಲೆಕ್ಕಕ್ಕಿಲ್ಲ. ಬರ್ಲಿನ್‌ನಲ್ಲಿ ಅದು 0.9 ಇತ್ತು. ಕಣ್ಣು ಕಾಣದ ಓಟಗಾರರ ಜೊತೆ ಒಂದೇ ದಾರ ಹಿಡಿದು ಓಡುವ ಗೈಡ್ ಅವರನ್ನು ಎಳೆಯುವಂತಿಲ್ಲ, ಗೆರೆಯನ್ನು ಅವರಿಗಿಂತ ಮೊದಲು ದಾಟುವಂತೆಯೂ ಇಲ್ಲ. ಗಾಳಿಯನ್ನೇ ಅಳೆಯುವವರು ಎರಡು ಕೋಣಗಳನ್ನು ಬಿಡುತ್ತಾರೆಯೇ?

ಮಂಗಳೂರು ಕಡೆಯ ಸಹಪಾಠಿಯೊಬ್ಬ ಇದಕ್ಕೆ ಸಿಟ್ಟಾದ. "ಕೆಸರು ಲೆಕ್ಕಕ್ಕಿಲ್ಲವಾ? ಬರಿಗಾಲಲ್ಲಿ ಮೊಣಕಾಲುದ್ದ ನೀರು ಹಾರಿಸಿಕೊಂಡು ಓಡಿ ನೋಡು" ಅಂದ. ಅವನು ಹೇಳಿದ್ದು ಸರಿ. ಕೆಸರು ವೇಗ ಕಡಿಮೆ ಮಾಡುತ್ತದೆ, ಎಳೆತ ಹೆಚ್ಚು ಮಾಡುತ್ತದೆ. ಒಂದು ಡೆಬಿಟ್, ಒಂದು ಕ್ರೆಡಿಟ್. ಆದರೆ ಎರಡರ ಮೊತ್ತವೂ ಯಾರೂ ಅಳೆದಿಲ್ಲ. ಮೊತ್ತವಿಲ್ಲದ ಎರಡು ಎಂಟ್ರಿಗಳು ಒಂದಕ್ಕೊಂದು ವಜಾ ಆಗುತ್ತವೆ ಅಂತ ಬ್ಯಾಲೆನ್ಸ್ ಶೀಟ್ ಬರೆದರೆ ನಮಗೆ ಸೊನ್ನೆ. 9.55 ಹೋಗಬೇಕಾದ ಜಾಗ ಸಸ್ಪೆನ್ಸ್ ಅಕೌಂಟ್.

ಈ ಇಡೀ ಗದ್ದಲದಲ್ಲಿ ಲೆಕ್ಕ ಸರಿಯಾಗಿ ಗೊತ್ತಿದ್ದವರು ಸ್ವತಃ ಶ್ರೀನಿವಾಸ ಗೌಡ. ಟ್ರಯಲ್ಸ್‌ಗೆ ಬರಲು ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಎರಡೂ ಬೇರೆ ಎಂದರು. ಆ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದು ತಾವೇ ಹೇಳಿದರು. ದೇಶ ಕೊಟ್ಟ ಬಿರುದಿನಲ್ಲಿ ಕೋಣಗಳ ಪಾಲನ್ನು ತೆಗೆದಿಟ್ಟು ಮಾತಾಡಿದ ಮನುಷ್ಯ. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಕಂಬಳದ ಓಟಗಾರನಿಗೆ ಕಂಬಳದ ಓಟಕ್ಕಾಗಿಯೇ ಆ ಸನ್ಮಾನ ಸಲ್ಲಬೇಕಿತ್ತು, ಬೋಲ್ಟ್‌ನ ಹೆಸರು ನಡುವೆ ಬರಬೇಕಾಗಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಅವರು ಒಪ್ಪದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂಬುದು ಅದಕ್ಕೆ ಆರು ತಿಂಗಳ ಹಿಂದಿನ ಇನ್ನೊಂದು ಘಟನೆ ನೋಡಿದರೆ ಗೊತ್ತಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ರಾಮೇಶ್ವರ್ ಗುರ್ಜರ್ ಎಂಬ 19ರ ಹುಡುಗ ಬರಿಗಾಲಲ್ಲಿ ರಸ್ತೆಯ ಮೇಲೆ ಓಡಿದ ವಿಡಿಯೊ ಹರಿದಾಡಿತು. ನೂರು ಮೀಟರ್ 11 ಸೆಕೆಂಡಿನಲ್ಲಿ ಅಂತ ಬರೆದಿತ್ತು. ಭೋಪಾಲ್‌ಗೆ ಕರೆಸಿ, ಶೂ ಕೊಟ್ಟು, ಕ್ಯಾಮೆರಾಗಳ ಮುಂದೆ, ತರಬೇತಿ ಪಡೆದವರ ಸಾಲಿನಲ್ಲಿ ನಿಲ್ಲಿಸಿದರು. 12.9 ಸೆಕೆಂಡಿನಲ್ಲಿ ಕೊನೆಯವನಾಗಿ ಮುಗಿಸಿದ. ಅವನು ಪ್ರಚಾರದ ಒತ್ತಡದಲ್ಲಿದ್ದ ಎಂದು ಸಚಿವರೇ ಹೇಳಿದರು. ನಮಗಿಂತ ಎರಡು ವರ್ಷ ದೊಡ್ಡವನು, ಅಷ್ಟೇ. 11 ಅನ್ನು ಬರೆದವರು ಯಾರೋ, ಆ ದಿನ ತಲೆ ತಗ್ಗಿಸಿದವನು ಇವನು. ಈ ಘಟನೆಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಓಟದ ವೇಗವನ್ನು ಅಂದಾಜು ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಅಂದಾಜು ನನ್ನ ಮನೆಯ ಮಾತು. ಅಮ್ಮಿ ಬಿರಿಯಾನಿಗೆ ಉಪ್ಪು ಹಾಕುವಾಗ ಅಳತೆ ಕೇಳಿದರೆ "ಅಂದಾಜ್ ಸೆ ಡಾಲ್" ಅನ್ನುತ್ತಾರೆ. ಕನ್ನಡದ ಅಂದಾಜು, ನಮ್ಮ ಉರ್ದುವಿನ ಅಂದಾಜ್, ಎರಡೂ ಪಾರ್ಸಿಯಿಂದ ಬಂದ ಒಂದೇ ಪದ. ಆದರೆ ಅಮ್ಮಿಯ ಅಂದಾಜಿನ ಹಿಂದೆ ಇಪ್ಪತ್ತು ವರ್ಷದ ಅದೇ ಪಾತ್ರೆ, ಅದೇ ಅಕ್ಕಿ ಇದೆ. ಪಾತ್ರೆ ಬದಲಾದ ದಿನ ಅವರೂ ರುಚಿ ನೋಡಿಯೇ ಹಾಕುತ್ತಾರೆ.

ಒಳ್ಳೆಯ ಅಂದಾಜು ಹೇಗಿರುತ್ತದೆ ಅಂತ ಹುಡುಕಿದಾಗ ಸಿಕ್ಕ ಉದಾಹರಣೆ ಅಮೆರಿಕದ ಬೇಸ್‌ಬಾಲ್‌ನಲ್ಲಿ. ಆ ಆಟ ನನಗೆ ಪೂರ್ತಿ ಅರ್ಥವಾಗುವುದಿಲ್ಲ, ಓಟ ಮಾತ್ರ ಅರ್ಥವಾಗುತ್ತದೆ. ಚೆಂಡು ಹೊಡೆದವನು ಮೊದಲ ಬೇಸ್‌ಗೆ 90 ಅಡಿ, ಅಂದರೆ 27.43 ಮೀಟರ್ ಓಡಬೇಕು. ಹಿಂದೆಲ್ಲ ಸ್ಟಾಪ್‌ವಾಚ್ ಹಿಡಿದವರು ಬ್ಯಾಟಿಗೆ ಚೆಂಡು ತಾಗಿದ ಕ್ಷಣದಿಂದ ಸಮಯ ಹಿಡಿಯುತ್ತಿದ್ದರು. ಅದರಲ್ಲೂ ಅನ್ಯಾಯ ಇತ್ತು. ಎಡಗೈ ಆಟಗಾರ ಮೊದಲ ಬೇಸ್‌ಗೆ ಹತ್ತಿರವೇ ನಿಂತಿರುತ್ತಾನೆ, ಕಾಲು ನಿಧಾನವಾದರೂ ಸಮಯ ಚೆನ್ನಾಗಿ ಬರುತ್ತದೆ. 2015ರಿಂದ ಅಲ್ಲಿನ ಎಲ್ಲ ಮೇಜರ್ ಲೀಗ್ ಮೈದಾನಗಳಲ್ಲಿ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಬಂದು ಆಟಗಾರರ ಚಲನೆಯನ್ನೇ ಅಳೆಯತೊಡಗಿತು. ಈಗ ಅವರು ಹೇಳುವುದು ಆಟಗಾರ ತನ್ನ ಅತಿ ವೇಗದ ಒಂದು ಸೆಕೆಂಡಿನಲ್ಲಿ ಎಷ್ಟು ಅಡಿ ಓಡಿದ ಎಂಬುದನ್ನು. ಸಾಮಾನ್ಯ ಆಟಗಾರ 27 ಅಡಿ, ತುಂಬ ವೇಗದವರು 30 ಅಡಿ. 30 ಅಡಿ ಅಂದರೆ ಸುಮಾರು 9.1 ಮೀಟರ್. ಬೋಲ್ಟ್ ತನ್ನ ಅತಿ ವೇಗದ 20 ಮೀಟರಿನಲ್ಲಿ ಸೆಕೆಂಡಿಗೆ 12.4 ಮೀಟರ್ ಓಡಿದ್ದ. ಈ ಅಳತೆಯಲ್ಲಿ ನೂರು ಮೀಟರಿಗೆ ಗುಣಿಸುವ ಕೆಲಸವೇ ಇಲ್ಲ. ಅಳೆದದ್ದನ್ನು ಹೇಳುತ್ತದೆ, ಅಳೆಯದ್ದನ್ನು ಬಿಡುತ್ತದೆ.

ಈಗ ನಮ್ಮ ಅಂಗಳಕ್ಕೆ ವಾಪಸ್ ಬರೋಣ.

ಒಂದು ಭಾನುವಾರ ಫಜರ್ ಮುಗಿಸಿಕೊಂಡು ನಾವು ನಾಲ್ಕು ಜನ ಕೆಂಗೇರಿ ಉಪನಗರದ ಆಚೆ ಇನ್ನೂ ಮನೆಗಳಾಗದ ಒಂದು ಲೇಔಟ್ ರಸ್ತೆಗೆ ಹೋದೆವು. ಗೆಳೆಯ, ಸೈನ್ಸ್ ಹುಡುಗ, ನಾನು, ಇನ್ನೊಬ್ಬ. ಸೈನ್ಸ್ ಹುಡುಗನನ್ನು ಕರೆಯಲು ನನಗೆ ಮುಜುಗರವಿತ್ತು. ಅವನು ಒಂದೇ ಮಾತಿಗೆ ಒಪ್ಪಿದ. ನಮ್ಮ ಮಾಮು ಕಟ್ಟಡ ಕೆಲಸದವರು, ಅವರ 30 ಮೀಟರಿನ ಟೇಪ್ ತಂದು ಸುಣ್ಣದಲ್ಲಿ ನೂರು ಮೀಟರ್ ಗುರುತು ಹಾಕಿದೆವು. ಕೊನೆಯ ಗೆರೆಯ ಹತ್ತಿರ ಮೊಬೈಲ್ ನಿಲ್ಲಿಸಿ ವಿಡಿಯೊ. ಸೆಕೆಂಡಿಗೆ 30 ಚಿತ್ರ, ಹಾಗಾಗಿ ಒಂದೊಂದು ಚಿತ್ರ 0.03 ಸೆಕೆಂಡ್. ಶುರುವಿಗೆ ಚಪ್ಪಾಳೆ ತಟ್ಟೋಣ, ವಿಡಿಯೊದಲ್ಲಿ ಆ ಶಬ್ದ ಕೇಳಿದಾಗಿನಿಂದ ಎಣಿಸೋಣ ಅಂದೆ. ಸೈನ್ಸ್ ಹುಡುಗ ನಕ್ಕ. ಶಬ್ದ ನೂರು ಮೀಟರ್ ಬರುವುದಕ್ಕೇ ಸುಮಾರು 0.3 ಸೆಕೆಂಡ್ ಬೇಕಂತೆ, ಅಷ್ಟು ಸಮಯ ಇಬ್ಬರಿಗೂ ಪುಕ್ಕಟೆಯಾಗಿ ಸಿಗುತ್ತಿತ್ತು. ದೊಡ್ಡ ಕೂಟಗಳಲ್ಲಿ ಕೈಗಡಿಯಾರ ಹಿಡಿದವರು ಪಿಸ್ತೂಲಿನ ಶಬ್ದ ಕೇಳಿ ಅಲ್ಲ, ಹೊಗೆ ನೋಡಿ ಗುಂಡಿ ಒತ್ತುವುದು ಇದಕ್ಕೇ. ಕೈಯಲ್ಲಿ ಹಿಡಿದ ಸಮಯವನ್ನು ಅವರು ಸೆಕೆಂಡಿನ ಹತ್ತನೇ ಭಾಗಕ್ಕೆ ಮಾತ್ರ, ಅದೂ ಮೇಲಕ್ಕೆ ಏರಿಸಿ ಬರೆಯುತ್ತಾರೆ. ನಾವು ಮೊಬೈಲ್ ಒತ್ತಿ 13.33 ಅಂತ ಎರಡು ಅಂಕಿ ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಕೊನೆಗೆ ಚಪ್ಪಾಳೆ ಬಿಟ್ಟು ಬಿಳಿ ಕರವಸ್ತ್ರ ಕೆಳಗೆ ಬೀಸಿದೆವು.

ಸೈನ್ಸ್ ಹುಡುಗ 389 ಚಿತ್ರಗಳಲ್ಲಿ ಮುಗಿಸಿದ. ನನ್ನ ಗೆಳೆಯ 394. ಅಂದರೆ ಹೆಚ್ಚು ಕಡಿಮೆ 13.0 ಮತ್ತು 13.1. ಗೆರೆಯ ಹತ್ತಿರ ಇಬ್ಬರ ನಡುವೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ.

ಗೆಳೆಯ ಸೋತ. ಕಾಲೇಜಿನ ಆಯ್ಕೆ ಸರಿಯಾಗಿಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಬೇರೆ ಫಲಿತಾಂಶ ಬೇಕಾಗಿತ್ತು ಅಂತಲೂ ಹೇಳಿಬಿಡುತ್ತೇನೆ. ಆದರೆ ಆ ಆಯ್ಕೆ ಸರಿಯಾದದ್ದು ಲೆಕ್ಕದಿಂದಲ್ಲ, ಅದೃಷ್ಟದಿಂದ. ಗೆಳೆಯನ ಮೇಲೆ ಹಾಕಿದ್ದ 13.33 ಅವನದಲ್ಲ. ಅವನದು 13.1, ಅದು ಎದುರಾಳಿಯ ಸರ್ಟಿಫಿಕೇಟಿನಲ್ಲಿದ್ದ 13.2ಕ್ಕಿಂತ ಕಡಿಮೆ. ಲೆಕ್ಕ ಸರಿಯಾಗಿದ್ದಿದ್ದರೆ ಆ ದಿನ ಕಾಗದದ ಮೇಲೆ ಗೆಲ್ಲುತ್ತಿದ್ದವನು ಇವನೇ, ಆದರೆ ರಸ್ತೆಯ ಮೇಲೆ ಗೆದ್ದವನು ಅವನು. ಯಾವ ಕಾಗದಕ್ಕೂ ಇದನ್ನು ಮೊದಲೇ ಹೇಳಲು ಆಗುತ್ತಿರಲಿಲ್ಲ. ಇಬ್ಬರೂ ಒಂದೇ ಗೆರೆಯಿಂದ ಒಟ್ಟಿಗೆ ಓಡಬೇಕಿತ್ತು.

ವಿಡಿಯೊವನ್ನು ಮೂರು ಸಲ ನೋಡಿದ ಮೇಲೆ ಗೆಳೆಯ "ಸರಿ, ಐದು ಫೋಟೊ ಕಮ್ಮಿ ಮಾಡಬೇಕು" ಅಂದ. ಸೋಮವಾರ ನಮ್ಮ ಜೊತೆ ಊಟಕ್ಕೆ ಕೂತ. ಅರವತ್ತು ಮೀಟರಿನ ಲೆಕ್ಕ ಕೇಳಿ ಸೋತಾಗ ಎರಡು ದಿನ ಕೂರದವನು, ನೂರು ಮೀಟರ್ ಓಡಿ ಸೋತಾಗ ಒಂದು ಹೊತ್ತೂ ಬಿಡಲಿಲ್ಲ.

ಆದ್ದರಿಂದ ಕ್ರೀಡಾ ಸಮಿತಿಗೆ ನನ್ನದೊಂದು ಬೇಡಿಕೆ. ಮುಂದಿನ ವರ್ಷದ ಆಯ್ಕೆ ಅಂಗಳದಲ್ಲಿ ಬೇಡ. ಒಂದು ಬೆಳಿಗ್ಗೆ ನೂರು ಮೀಟರ್ ಸಿಗುವ ಯಾವುದಾದರೂ ಮೈದಾನಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ, ಜ್ವರ ಬಂದವರಿಗೆ ವಾಸಿಯಾಗುವವರೆಗೆ ಕಾಯಿರಿ, ಹಳೆಯ ಸರ್ಟಿಫಿಕೇಟ್ ಮನೆಯಲ್ಲೇ ಇರಲಿ. ಹುಡುಗಿಯರ ಓಟಕ್ಕೂ ಸಮಯ ಹಿಡಿಯಿರಿ, ಈ ಸಲ ಅವರಿಗೆ ಮೊದಲು ಎರಡನೇ ಅಂತ ಮಾತ್ರ ಬರೆದಿದ್ದೇವೆ, ಬರೆದವನು ನಾನೇ. ಎಲ್ಲೂ ಮೈದಾನ ಸಿಗದಿದ್ದರೆ ಅರವತ್ತು ಮೀಟರನ್ನೇ ಓಡಿಸಿ, ಬೋರ್ಡಿನ ಮೇಲೆ 60 ಮೀಟರ್, 8 ಸೆಕೆಂಡ್ ಅಂತಲೇ ಬರೆಯಿರಿ. ಸುಣ್ಣಕ್ಕೆ ಹೆಚ್ಚು ಖರ್ಚಿಲ್ಲ. ಟೇಪ್ ಬೇಕಾದರೆ ಮಾಮು ಕೊಡುತ್ತೇನೆ ಅಂದಿದ್ದಾರೆ, ಮಧ್ಯಾಹ್ನದೊಳಗೆ ವಾಪಸ್ ಕೊಡಬೇಕಂತೆ.